ಕಾಗದದಲ್ಲಿಲ್ಲದ ನೀರು

ಏರಿಯ ಕೆಳಗೆ

ಅಮೇರಿಕೆಯಲ್ಲಿ ನಾನು ನೋಡಿದ ಮೊದಲ ಹಡಗು ನಾನಿದ್ದ ಮನೆಯ ಮಾಳಿಗೆಗಿಂತ ಎತ್ತರದಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಎದ್ದು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದೆ. ಹೊಲದ ಕೊನೆಗೆ ಹುಲ್ಲು ಬೆಳೆದ ಉದ್ದನೆಯ ದಿಬ್ಬ. ಆ ದಿಬ್ಬದ ನೆತ್ತಿಯ ಮೇಲೆ ಬಿಳಿ ಬಣ್ಣದ ಕೋಣೆಯೊಂದು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತಿತ್ತು, ಅದರ ಮೇಲೊಂದು ಬಾವುಟ. ನಾನು ಗಾಬರಿಯಾಗಿ ಹಿಂದೆ ಸರಿದಾಗ ಕೈಯಲ್ಲಿದ್ದ ಹಾಲು ನೆಲದ ಮೇಲೆ ಚೆಲ್ಲಿತು.

ಮನೆಯೊಡತಿ ಎಡ್ನಾ ಬಟ್ಟೆ ತಂದು ಒರೆಸುತ್ತ ನಕ್ಕರು. "ಅದು ಏರಿ. ಏರಿಯ ಆಚೆ ನದಿ. ಹಿಮ ಕರಗಿ ನೀರು ಬರುವ ಕಾಲದಲ್ಲಿ ನದಿ ನಮಗಿಂತ ಮೇಲಿರುತ್ತದೆ. ನಿಧಾನಕ್ಕೆ ಅಭ್ಯಾಸವಾಗುತ್ತದೆ ಬಿಡು."

ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ನಾನು ಚಿತ್ತಾಪುರ ತಾಲ್ಲೂಕಿನ ಕಾಳಗಿ ಕಡೆಯ ರೈತ. ಗುಲಬರ್ಗಾದಲ್ಲಿ ಇಂಟರ್ ಮುಗಿಸಿ ಹೊಲಕ್ಕೆ ಮರಳಿದವನು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು. ತರುಣ ರೈತರನ್ನು ಆರು ತಿಂಗಳ ಮಟ್ಟಿಗೆ ಅಮೇರಿಕೆಯ ರೈತರ ಮನೆಗಳಲ್ಲಿ ಇರಿಸುವ ಯೋಜನೆಯೊಂದರಲ್ಲಿ ನನ್ನ ಹೆಸರು ಬಂತು. ಅಲ್ಲಿಯ ಬೇಸಾಯ ನೋಡಿಕೊಂಡು ಬರಲಿ ಎಂದು ಅಪ್ಪ ಒಪ್ಪಿದ. ನಾನು ಒಪ್ಪಿದ್ದು ಆರು ತಿಂಗಳಾದರೂ ಅಕ್ಕನ ಮುಖ ನೋಡುವುದು ತಪ್ಪೀತು ಎಂದು.

ನನ್ನನ್ನು ಕಳಿಸಿದ್ದು ಇಲಿನಾಯ್ ರಾಜ್ಯದ ಪಶ್ಚಿಮದ ಅಂಚಿಗೆ, ದೊಡ್ಡ ನದಿಯೊಂದರ ಪಕ್ಕದ ಹಳ್ಳಿಗೆ. ಮನೆಯ ಯಜಮಾನ ವಾಲ್ಟರ್‌ಗೆ ಅರವತ್ತು ದಾಟಿತ್ತು. ಎತ್ತರದ ಆಳು, ಮಾತು ಕಡಿಮೆ. ಶರಣಪ್ಪ ಎಂಬ ನನ್ನ ಹೆಸರು ಅವರ ಬಾಯಲ್ಲಿ ಒಂದೇ ದಿನದಲ್ಲಿ 'ಶರ್ನಿ' ಆಯಿತು. ಎಡ್ನಾ ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ನೋಡಿ ಅದರಲ್ಲಿ ಔಷಧಿ ಇದೆಯೇ ಎಂದು ಕೇಳಿದರು. ಅದರೊಳಗಿರುವುದು ಲಿಂಗ, ದಿನಾ ಬೆಳಿಗ್ಗೆ ಪೂಜೆ ಮಾಡುತ್ತೇನೆ ಎಂದೆ. ಮಾಂಸ ತಿನ್ನುವುದಿಲ್ಲ ಎಂದೂ ಹೇಳಿದಾಗ ಅವರಿಗೆ ಅನುಮಾನ ಗಟ್ಟಿಯಾಯಿತು. ಆ ಹುಡುಗನಿಗೆ ಏನೋ ಕಾಯಿಲೆ ಇದೆ ಎಂದು ಪಕ್ಕದ ಮನೆಯವರಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನಗೇ ಕೇಳಿಸಿತು.

ಅಲ್ಲಿಯ ಮಣ್ಣು ನಮ್ಮ ಎರೆಮಣ್ಣಿನಷ್ಟೇ ಕಪ್ಪು. ಅದರಲ್ಲಿ ಆಳೆತ್ತರ ಬೆಳೆಯುವ ಮೆಕ್ಕೆಜೋಳವನ್ನು ಹಂದಿಗಳಿಗೆ ಹಾಕುತ್ತಾರೆ. ನನಗೆ ಹೊಟ್ಟೆ ಉರಿಯಿತು. ಒಂದು ದಿನ ಆ ಹಿಟ್ಟನ್ನೇ ಬಿಸಿನೀರಿನಲ್ಲಿ ನಾದಿ ರೊಟ್ಟಿ ಬಡಿಯಲು ಕುಳಿತೆ. ನಾಲ್ಕು ರೊಟ್ಟಿ ಹರಿದವು. ಐದನೆಯದು ಹೇಗೋ ಬೆಂದಿತು. ವಾಲ್ಟರ್ ಅದರ ಮೇಲೆ ಸಕ್ಕರೆ ಪಾಕ ಸುರಿದುಕೊಂಡು ತಿಂದು "ಚೆನ್ನಾಗಿದೆ" ಎಂದರು. ಮನೆಯ ಬಾಗಿಲಿಗೆ ಬೀಗವೇ ಇಲ್ಲ. ದಾರಿಯಲ್ಲಿ ಎದುರಾದವರೆಲ್ಲ ಕೈ ಎತ್ತುತ್ತಾರೆ. ಇಂಥ ಜನ ಸುಳ್ಳು ಹೇಳಲಾರರು ಎಂದು ಮೊದಲ ಎರಡು ವಾರ ನಂಬಿದ್ದೆ.

ಕಾಲುವೆಗೆ ಇಳಿದ ಟ್ರ್ಯಾಕ್ಟರ್

ಮೂರನೆಯ ವಾರ ವಾಲ್ಟರ್ ನನಗೆ ಟ್ರ್ಯಾಕ್ಟರ್ ಕೊಟ್ಟರು. ಹೊಲದ ಅಂಚಿನಲ್ಲೊಂದು ಆಳವಾದ ಕಾಲುವೆ ಇತ್ತು. ತಿರುವಿನಲ್ಲಿ ನಾನು ತುಸು ಹೆಚ್ಚೇ ಹೊರಳಿಸಿದೆ. ಹಿಂದಿನ ಗಾಲಿ ದಂಡೆಯನ್ನು ಕೆಡವಿಕೊಂಡು ಕೆಳಗಿಳಿಯಿತು. ನಾನು ಹಾರಿದೆ. ಟ್ರ್ಯಾಕ್ಟರ್ ಎಮ್ಮೆಯ ಹಾಗೆ ಕೆಸರಿನಲ್ಲಿ ಕುಳಿತುಬಿಟ್ಟಿತು.

ವಾಲ್ಟರ್ ಓಡಿ ಬಂದು ಮೊದಲು ನನ್ನನ್ನು ನೋಡಿದರು. ಆಮೇಲೆ ಟ್ರ್ಯಾಕ್ಟರನ್ನು ಬಿಟ್ಟು ಕಾಲುವೆಯ ದಂಡೆಯನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಮಂಡಳಿಯವರಿಗೆ ಹೇಳಬೇಕು" ಎಂದರು.

ಮಧ್ಯಾಹ್ನ ಮಂಡಳಿಯವರು ಬಂದರು. ಬಂದವರು ಒಬ್ಬರೇ, ಹೆಸರು ಹ್ಯಾರಲ್ಡ್, ಊರಿನ ಕ್ಷೌರದ ಅಂಗಡಿಯವರು. ಅಂಗಿಯ ಜೇಬಿನಲ್ಲಿ ಕತ್ತರಿ ಹಾಗೇ ಇತ್ತು. ದಂಡೆ ನೋಡಿ ವಾಲ್ಟರ್‌ಗೆ ಚೆನ್ನಾಗಿ ಬೈದರು. ತನ್ನ ಹೊಲದಲ್ಲೇ ನಿಂತು ವಾಲ್ಟರ್ ಬೈಸಿಕೊಳ್ಳುವುದನ್ನು ಕಂಡು ನನಗೆ ಆಶ್ಚರ್ಯ. ಕೇಳಿದಾಗ ಹ್ಯಾರಲ್ಡ್ ಬಿಡಿಸಿ ಹೇಳಿದರು.

"ಈ ಕಾಲುವೆ ವಾಲ್ಟರ್‌ದಲ್ಲ, ಏರಿಯೂ ಅವನದಲ್ಲ. ಎರಡೂ ಏರಿ ಮಂಡಳಿಯವು. ಏರಿಯ ಒಳಗೆ ಯಾರು ಜಮೀನು ತೆಗೆದುಕೊಂಡರೂ ಅವರು ಮಂಡಳಿಗೆ ಸೇರಿದ ಹಾಗೆಯೇ. ನನಗೆ ಬೇಡ ಎನ್ನುವಂತಿಲ್ಲ. ಏರಿ ರಿಪೇರಿ, ಕಾಲುವೆ ರಿಪೇರಿ, ಪಂಪು, ಎಲ್ಲಕ್ಕೂ ವರ್ಷಾ ವರ್ಷಾ ತೆರಿಗೆಯ ಪಟ್ಟಿ ಬೀಳುತ್ತದೆ. ತಗ್ಗಿನ ಜಮೀನಿಗೆ ಹೆಚ್ಚು. ಕಟ್ಟದಿದ್ದರೆ ಜಮೀನೇ ಹೋಗುತ್ತದೆ."

ಅವರೇ ನನ್ನನ್ನು ಪಂಪ್ ಮನೆಗೆ ಕರೆದೊಯ್ದರು. ಒಳಗೆ ಮೂರು ದೊಡ್ಡ ಯಂತ್ರಗಳು. ಮಳೆಯ ನೀರು, ಜಿನುಗಿ ಬರುವ ನೀರು, ಎಲ್ಲವನ್ನೂ ಎತ್ತಿ ನದಿಗೆ ಹಾಕುತ್ತವೆ. ಮಳೆಗಾಲದಲ್ಲಿ ನಾಲ್ಕು ದಿನ ಇವು ನಿಂತರೆ ತಗ್ಗಿನ ಮನೆಗಳ ಅಡುಗೆ ಒಲೆಯವರೆಗೆ ನೀರು. ಗೋಡೆಯ ಮೇಲೆ ನಕಾಶೆ ಇತ್ತು. ಮಂಡಳಿಯ ಗಡಿಗೆ ಕೆಂಪು ಗೆರೆ, ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ಕಡು ನೀಲಿ. ಆ ಕಡು ನೀಲಿಯ ನಡುವೆ ವಾಲ್ಟರ್‌ರ ಹಳೆಯ ಮನೆ, ಅದಕ್ಕೆ ಹೊಂದಿದ ನಾಲ್ಕು ಎಕರೆ. ಬಾಡಿಗೆಯವರು ಬಿಟ್ಟುಹೋದ ಮೇಲೆ ಅದನ್ನು ಮಾರಲು ಇಟ್ಟಿದ್ದರು.

ನಾನು ಆ ನಕಾಶೆಯ ಮುಂದೆ ತುಂಬ ಹೊತ್ತು ನಿಂತೆ. ಮೊದಲು ಮೆಚ್ಚುಗೆಯಾಯಿತು. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗೆರೆ ಎಳೆದು ಗೋಡೆಗೆ ತೂಗುಹಾಕಿದ್ದಾರಲ್ಲ! ನಮ್ಮಲ್ಲಿಯೂ ಹೀಗೆ ಮಾಡಿದ್ದರೆ ನನ್ನ ಅಕ್ಕ ಕುಂಟುತ್ತಿರಲಿಲ್ಲ.

ನಡುವೆ ಊರಿನ ಮಾತು

ಯಾವ ತಾಲ್ಲೂಕಿನ ಕಚೇರಿ ಎಂದು ಬರೆಯುವುದಿಲ್ಲ. ದಸ್ತಾವೇಜು ಬರೆದ ಮುನ್ಷಿ ಈಗ ಬದುಕಿಲ್ಲ, ಅವನ ಮಕ್ಕಳಿದ್ದಾರೆ. ಆದರೆ ನಡೆದದ್ದನ್ನು ಬರೆಯುತ್ತೇನೆ.

ನನ್ನ ಅಕ್ಕ ನೀಲಮ್ಮನ ಗಂಡ ಗುರುಲಿಂಗಪ್ಪನಿಗೆ ಸ್ವಂತ ಹೊಲವಿರಲಿಲ್ಲ. ಅಪ್ಪ ಅಕ್ಕನ ಹೆಸರಿಗೆ ಸೇಡಂ ಮತ್ತು ಚಿಂಚೋಳಿಯ ನಡುವಿನ ಒಂದು ಊರಲ್ಲಿ, ಕೆರೆಯ ಆಚೆಗೆ, ಮೂರು ಎಕರೆ ಕೊಡಿಸಿದ. ಆ ಊರು ನಮಗೆ ಹೊಸದು. ಕೆರೆ ಬಹಳ ವರ್ಷಗಳಿಂದ ತುಂಬಿರಲಿಲ್ಲ. ನೀರು ಹೊಲದಿಂದ ಎಷ್ಟೋ ದೂರದಲ್ಲಿತ್ತು.

ನಿಜಾಮನ ಕಾಲದ ಭೂಮಿಯ ದಫ್ತರವೆಲ್ಲ ಉರ್ದುವಿನಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದನ್ನು ಕನ್ನಡದಲ್ಲಿ ಬರೆದರು. ಹಳೆಯ ಉರ್ದು ಪಹಣಿಯಲ್ಲಿ ಆ ಹೊಲದ ನಂಬರಿನ ಎದುರು ಒಂದು ಮಾತಿತ್ತು: ಶಿಕಂ ತಲಾಬ್. ಅಂದರೆ ಕೆರೆಯ ಹೊಟ್ಟೆ. ನೀರು ಇಳಿದಾಗ ಬಿತ್ತಿಕೊಳ್ಳಬಹುದು, ನೀರು ಬಂದರೆ ಯಾರನ್ನೂ ಕೇಳುವಂತಿಲ್ಲ, ಮನೆ ಕಟ್ಟುವಂತಿಲ್ಲ. ಕನ್ನಡದ ಪಹಣಿಯಲ್ಲಿ ಆ ಜಾಗ ಖಾಲಿ. ಬರೆದವನಿಗೆ ಉರ್ದು ತಿಳಿಯಲಿಲ್ಲವೋ, ಬೇಸರವಾಯಿತೋ, ಯಾರಾದರೂ ಬಿಡು ಎಂದರೋ ಗೊತ್ತಿಲ್ಲ. ಒಂದು ಶಬ್ದ ಬಿಟ್ಟರು, ಕೆರೆ ಹೊಲವಾಯಿತು.

ನಮ್ಮ ಮನೆಯಲ್ಲಿ ಉರ್ದು ಬರುತ್ತಿದ್ದುದು ನನಗೊಬ್ಬನಿಗೆ. ನಿಜಾಮನ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಅದರಲ್ಲೇ ಕಲಿತವನು. ರಜಿಸ್ಟ್ರಿ ದಿನ ಅದಕ್ಕೇ ನನ್ನನ್ನು ಸಾಕ್ಷಿಯಾಗಿ ಕರೆದೊಯ್ದಿದ್ದರು. ಮುನ್ಷಿ ಚಾಪೆಯ ಮೇಲೆ ಕುಳಿತು ಬರೆಯುತ್ತಿದ್ದ. ಅವನ ಮಸಿಕುಡಿಕೆಯ ಕೆಳಗೆ ಮಡಚಿದ ಹಳೆಯ ಕಾಗದವಿತ್ತು.

"ಅದೇನ್ರಿ?" ಎಂದು ಕೇಳಿದೆ.

"ಹಳೀ ಕಾಗದರಿ. ಎಲ್ಲಾ ಹೊಸಾದ್ರಾಗ ಬಂದದ. ನೋಡ್ತೀರೇನು?" ಎಂದು ಮುನ್ಷಿ ಅದನ್ನು ಎತ್ತಿ ಹಿಡಿದ. ನಾನು ನೋಡುವವನಲ್ಲ ಎಂದು ಅವನಿಗೆ ಗೊತ್ತಿತ್ತೇನೋ.

ಹೊರಗೆ ಚಿತ್ತಾಪುರದ ಬಸ್ಸು ಹಾರನ್ ಹೊಡೆಯುತ್ತಿತ್ತು. ಸಂಜೆ ಗೆಳೆಯರ ಜೊತೆ ಎಲ್ಲಿಗೋ ಹೋಗುವುದಿತ್ತು. "ಬ್ಯಾಡ ಬಿಡ್ರಿ" ಎಂದು ಸಹಿ ಮಾಡಿ ಓಡಿದೆ.

ಅಕ್ಕ ಅಲ್ಲೇ ಮನೆ ಕಟ್ಟಿಸಿದಳು. ಮಣ್ಣಿನ ಗೋಡೆ, ಮೇಲೆ ಶಹಾಬಾದಿನ ಫರಸಿ ಕಲ್ಲಿನ ಮಾಳಿಗೆ. ಎರಡನೆಯ ವರ್ಷ ಭಾದ್ರಪದದಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿತು. ನೀರು ಅಬ್ಬರಿಸಿ ಬರಲಿಲ್ಲ, ಸಾಕಿದ ಬೆಕ್ಕಿನಂತೆ ಸದ್ದಿಲ್ಲದೆ ಹೊಸ್ತಿಲು ದಾಟಿ ಬಂದು ಗೋಡೆಯ ಬುಡದಲ್ಲಿ ಕುಳಿತಿತು. ಮೂರನೆಯ ದಿನ ಬೆಳಿಗ್ಗೆ ಎತ್ತು ಬಿಚ್ಚಲು ಅಕ್ಕ ಒಳಗೆ ಹೋದಾಗ ಗೋಡೆ ಕುಸಿದು ಫರಸಿ ಬಿತ್ತು. ಎತ್ತು ಸತ್ತಿತು. ಅಕ್ಕನ ಎಡಗಾಲಿನ ಪಾದ ಜಜ್ಜಿಹೋಯಿತು.

ನಾನು ಮುನ್ಷಿಯ ಹತ್ತಿರ ಹೋಗಿ ಕೂಗಾಡಿದೆ. ಅವನು ತಲೆ ಎತ್ತಲಿಲ್ಲ. "ಅದು ಕೆರಿ ಹೊಟ್ಟಿ ಅಂತ ಊರಿಗೆಲ್ಲಾ ಗೊತ್ತದ. ನಿಮಗೊಬ್ರಿಗೆ ಗೊತ್ತಿಲ್ಲಂದ್ರ ನಾ ಏನ್ ಮಾಡ್ಲಿ? ನಿಮ್ಮ ಮುಂದ ಕಾಗದ ಹಿಡಿದಿದ್ದೆ ಇಲ್ಲೋ?"

ಮನೆಗೆ ಬಂದು ಮುನ್ಷಿಗೆ ಬೈದೆ, ಹೊಲ ಮಾರಿದವನಿಗೆ ಬೈದೆ, ಸರ್ಕಾರಕ್ಕೆ ಬೈದೆ. ಮುನ್ಷಿ ಕಾಗದ ಎತ್ತಿ ಹಿಡಿದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕಲ್ಲಿನ ಕಚೇರಿ

ಏರಿ ಮಂಡಳಿಯ ನಕಾಶೆ ನೋಡಿದ ಮರುವಾರ ವಾಲ್ಟರ್ ಜಿಲ್ಲಾ ಕೇಂದ್ರಕ್ಕೆ ಹೊರಟಾಗ ನಾನೂ ಕಾರು ಹತ್ತಿದೆ. ಜಮೀನಿನ ದಾಖಲೆ ಇಡುವ ಕಚೇರಿ ನೋಡುವ ಆಸೆ ಇತ್ತು. ದೊಡ್ಡ ಕಲ್ಲಿನ ಕಟ್ಟಡ, ಒಳಗೆ ತಣ್ಣಗೆ. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ವಯಸ್ಸಾದ ಹೆಂಗಸು ಮೇಜಿನ ಹಿಂದೆ ಕುಳಿತಿದ್ದರು. ದಾಖಲೆ ನೋಡಬಹುದೇ ಎಂದು ಅಳುಕುತ್ತ ಕೇಳಿದೆ.

"ಯಾವುದು ಬೇಕು?" ಎಂದರು ಆಕೆ, ಅಷ್ಟೇ. ನೀನು ಯಾರು, ಯಾವ ದೇಶ, ಯಾತಕ್ಕೆ ಎಂದು ಕೇಳಲಿಲ್ಲ. ಅರ್ಜಿ ಇಲ್ಲ, ನಾಳೆ ಬಾ ಎನ್ನಲಿಲ್ಲ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಪುಸ್ತಕ ತಂದು ನನ್ನ ಮುಂದಿಟ್ಟರು. ನಮ್ಮಲ್ಲಿ ನಮ್ಮದೇ ಹೊಲದ ಕಾಗದ ನೋಡಲು ಎಷ್ಟು ಜನರ ಮುಂದೆ ಕೈಮುಗಿದು ನಿಲ್ಲಬೇಕು ಎಂದು ನೆನೆದು ನನಗೆ ಅಲ್ಲೇ ಸಿಟ್ಟು ಬಂತು.

ಮಾರಲು ಇಟ್ಟಿದ್ದ ಆ ನಾಲ್ಕು ಎಕರೆಯನ್ನೇ ಹುಡುಕಿದೆ. ಸಿಕ್ಕಿತು. ಅಪ್ಪನಿಂದ ಮಗನಿಗೆ, ಅದಕ್ಕೂ ಮೊದಲು ಯಾರೋ ವಿಧವೆಯಿಂದ ವಾಲ್ಟರ್‌ರ ಅಪ್ಪನಿಗೆ. ಪ್ರತಿಯೊಂದು ಕ್ರಯಪತ್ರವನ್ನೂ ಓದಿದೆ. ಚತುಸ್ಸೀಮೆ ಇದೆ, ಓಕ್ ಮರದ ಗುರುತು ಇದೆ, ದಾರಿಯ ಹಕ್ಕು ಇದೆ. ಏರಿ ಇಲ್ಲ, ಮಂಡಳಿ ಇಲ್ಲ, ಪಂಪು ಇಲ್ಲ, ನೀರು ಎಂಬ ಮಾತೇ ಇಲ್ಲ. ಈ ಜಮೀನು ಗುಡ್ಡದ ತಲೆಯ ಮೇಲಿದೆ ಎಂದುಕೊಳ್ಳಬೇಕು, ಹಾಗಿತ್ತು ಬರಹ.

ನಾನು ಆಕೆಯನ್ನು ಕೇಳಿದೆ: "ಇದು ಏರಿ ಮಂಡಳಿಯ ಒಳಗಿದೆ. ಅದನ್ನು ಎಲ್ಲಿ ಬರೆದಿದೆ?"

"ಅದು ಇಲ್ಲಿರುವುದಿಲ್ಲ. ಮಂಡಳಿಯ ಕಾಗದ ಮೇಲಿನ ಮಹಡಿಯಲ್ಲಿ, ಕೋರ್ಟಿನ ಗುಮಾಸ್ತರ ಕಪಾಟಿನಲ್ಲಿ."

"ಹೊರಗಿನವರು ಕೊಳ್ಳಲು ಬಂದರೆ ಮೇಲಿನ ಮಹಡಿಗೆ ಹೋಗಬೇಕು ಎಂದು ಅವರಿಗೆ ಯಾರು ಹೇಳುತ್ತಾರೆ?"

ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಲ್ಲಿ ಎಲ್ಲರಿಗೂ ಗೊತ್ತು ಮಗೂ."

ಸಾವಿರಾರು ಮೈಲಿ ಹಾರಿ ಬಂದು, ಬಾಗಿಲಿಗೆ ಬೀಗ ಹಾಕದ ಈ ದೇಶದಲ್ಲಿ, ಮುನ್ಷಿಯ ಮಾತನ್ನೇ ಮತ್ತೆ ಕೇಳಬೇಕಾಯಿತೇ! ಪುಸ್ತಕವನ್ನು ದಪ್ಪೆಂದು ಮುಚ್ಚಿದೆ. ಪಾಪ, ಆ ಹೆಂಗಸಿನ ತಪ್ಪೇನೂ ಇರಲಿಲ್ಲ. ಆದರೆ ಆವತ್ತು ನಾನು ನ್ಯಾಯ ನೋಡುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ ವಾಲ್ಟರ್ ಹವೆಯ ಮಾತಾಡಿದರು.

ರೂತ್

ಶನಿವಾರ ಕೊಳ್ಳುವವರು ಬಂದರು. ರೂತ್ ಎಂಬ ಹೆಂಗಸು, ಮೂವತ್ತೈದರ ಹತ್ತಿರ. ಗಂಡ ತೀರಿಕೊಂಡಿದ್ದ. ದೂರದ ಗುಡ್ಡಗಾಡಿನಿಂದ ಬಂದು ಇಲ್ಲಿಯ ಶಾಲೆಯಲ್ಲಿ ಅಡುಗೆಯ ಕೆಲಸಕ್ಕೆ ಸೇರಿದ್ದಳು. ಇಬ್ಬರು ಹೆಣ್ಣುಮಕ್ಕಳು ಕಾರಿನಿಂದ ಇಳಿದವರೇ ಅಂಗಳಕ್ಕೆ ಓಡಿ ಮರ ಹತ್ತಿದರು. ವಾಲ್ಟರ್ ಮನೆ ತೋರಿಸಿದರು. ಕಿಟಕಿ, ಒಲೆ, ನೆಲಮಾಳಿಗೆ. ರೂತ್ ಅಂಗಳದಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೂಸಿದಳು. ನಮ್ಮ ಹೆಂಗಸರೂ ಹಾಗೆಯೇ ಮಾಡುತ್ತಾರೆ.

"ನೀರಿನ ತೊಂದರೆ ಏನಾದರೂ ಇದೆಯೇ?" ಎಂದು ಕೇಳಿದಳು.

"ನನ್ನ ಅಪ್ಪನ ಕಾಲದಿಂದ ಈ ಮನೆಯೊಳಗೆ ಒಂದು ಹನಿ ಬಂದಿಲ್ಲ" ಎಂದರು ವಾಲ್ಟರ್.

ಅದು ನಿಜ. ನಿಜವೇ ಆಗಿದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ಆ ಹನಿ ಬರದಿದ್ದುದು ಯಾಕೆ, ಅದನ್ನು ತಡೆದು ನಿಂತಿರುವುದು ಯಾವುದು, ಅದಕ್ಕೆ ಈಕೆ ಬದುಕಿರುವವರೆಗೆ ಏನು ಮಾಡುತ್ತಿರಬೇಕು, ಇದೊಂದನ್ನೂ ಅವರು ಹೇಳಲಿಲ್ಲ. ಸೋಮವಾರ ಕಾಗದಕ್ಕೆ ಸಹಿ ಎಂದು ಮಾತಾಯಿತು. ರೂತ್ ನಗುತ್ತಿದ್ದಳು. ಕೋಳಿಗೂಡು ಎಲ್ಲಿ ಹಾಕಲಿ ಎಂದು ಎಡ್ನಾರನ್ನು ಕೇಳುತ್ತಿದ್ದಳು.

ಅವರ ಮನೆಯ ಅನ್ನ ತಿನ್ನುತ್ತಿರುವವನು ನಾನು. ಅವರ ಟ್ರ್ಯಾಕ್ಟರ್ ಕೆಡವಿದಾಗಲೂ ಒಂದು ಕೆಟ್ಟ ಮಾತು ಆಡದವರು. ಆದರೂ ಮಕ್ಕಳ ಕಡೆ ತಿರುಗಿ "ಹಡಗು ನೋಡುತ್ತೀರಾ?" ಎಂದೆ. ಮಕ್ಕಳು ಕುಣಿದರು. "ನೀವೂ ಬನ್ನಿ" ಎಂದು ರೂತ್‌ಗೆ ಹೇಳಿದೆ.

ಏರಿ ಹತ್ತಿದೆವು. ಮೇಲೆ ನಿಂತಾಗ ಒಂದು ಕಡೆ ನದಿ, ಕಂದು ಬಣ್ಣದ ನೀರು ಹುಲ್ಲಿನ ಅಂಚನ್ನು ನೆಕ್ಕುತ್ತಿತ್ತು. ಇನ್ನೊಂದು ಕಡೆ, ಅದಕ್ಕಿಂತ ಎಷ್ಟೋ ಕೆಳಗೆ, ಆಕೆ ಆಗತಾನೇ ಮೆಚ್ಚಿಕೊಂಡ ಮನೆಯ ಮಾಳಿಗೆ. ರೂತ್ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಮಕ್ಕಳ ಕೈ ಹಿಡಿದುಕೊಂಡಳು.

ನಾನು ಎಲ್ಲ ಹೇಳಿದೆ. ಮಂಡಳಿ, ಪಂಪು, ನಕಾಶೆ, ವರ್ಷದ ಪಟ್ಟಿ, ಮೇಲಿನ ಮಹಡಿಯ ಕಪಾಟು.

"ಇದನ್ನು ನನಗೇಕೆ ಹೇಳುತ್ತಿದ್ದೀಯ? ನೀನು ಅವರ ಅತಿಥಿ" ಎಂದಳು. ದನಿಯಲ್ಲಿ ಉಪಕಾರದ ಭಾವವಿರಲಿಲ್ಲ, ಅನುಮಾನವಿತ್ತು.

ಆಗ ನಾನು ಅಕ್ಕನ ಕಥೆ ಹೇಳಿದೆ. ಮುನ್ಷಿ ಕಾಗದ ಎತ್ತಿ ಹಿಡಿದದ್ದು, ನಾನು ಬೇಡ ಎಂದದ್ದು, ಬಸ್ಸಿಗೆ ಓಡಿದ್ದು. ನನ್ನ ಭಾಷೆಯಲ್ಲಿ ಯಾರಿಗೂ ಹೇಳದ ಮಾತು ಆ ಹರಕು ಇಂಗ್ಲಿಷಿನಲ್ಲಿ ಹೊರಗೆ ಬಂತು. ಆಕೆ ಸಮಾಧಾನ ಹೇಳಿಯಾಳು ಎಂದು ಕಾದೆ.

"ನೀನು ಆ ಕಾಗದ ಓದಬೇಕಿತ್ತು" ಎಂದಳು. ಮಕ್ಕಳನ್ನು ಕರೆದುಕೊಂಡು ಇಳಿದು ಹೋದಳು.

ಊಟದ ಮೇಜು

ರೂತ್ ಕೆಳಗಿಳಿದು ವಾಲ್ಟರ್ ಜೊತೆ ಏನು ಮಾತಾಡಿದಳೋ, ಕಾರು ಹತ್ತಿ ಹೋದಳು. ಅಲ್ಲಿ ಆರು ಗಂಟೆಗೇ ಊಟ, ಹೊರಗೆ ಇನ್ನೂ ಬಿಸಿಲಿರುತ್ತದೆ. ಆ ದಿನ ಊಟದ ನಡುವೆ ವಾಲ್ಟರ್ ತಟ್ಟೆ ಪಕ್ಕಕ್ಕೆ ತಳ್ಳಿದರು.

"ಶರ್ನಿ, ನಾನು ಆಕೆಗೆ ಸುಳ್ಳು ಹೇಳಿದೆನೇ?"

"ಇಲ್ಲ."

"ಮತ್ತೆ?"

"ಆಕೆ ನೀರಿನ ಬಗ್ಗೆ ಕೇಳಿದಳು. ನೀವು ಹನಿಯ ಬಗ್ಗೆ ಹೇಳಿದಿರಿ."

ಅವರ ಮುಖ ಕೆಂಪಾಯಿತು. "ಆ ಏರಿಯನ್ನು ನನ್ನ ಅಪ್ಪ ಹೇಸರಗತ್ತೆ ಕಟ್ಟಿ ಮಣ್ಣೆಳೆದು ಕಟ್ಟಿದ. ಇಲ್ಲಿಯ ಒಬ್ಬೊಬ್ಬರ ಅಪ್ಪನೂ ಕಟ್ಟಿದ. ನಾನು ಕ್ರಯಪತ್ರದಲ್ಲಿ ಅದನ್ನು ಬರೆದರೆ ನಾಳೆ ಎಲ್ಲರೂ ಬರೆಯಬೇಕು. ಏರಿಯೊಳಗಿನ ಪ್ರತಿ ಹೊಲಕ್ಕೂ ರೋಗ ಬಂದ ಹಾಗೆ ಜನ ನೋಡುತ್ತಾರೆ. ನೀನು ಆರು ತಿಂಗಳಿಗೆ ಬಂದವನು, ಹೋಗಿಬಿಡುತ್ತೀಯ. ನಾವು ಇಲ್ಲೇ ಇರುವವರು."

"ಆಕೆಯೂ ಇಲ್ಲೇ ಇರುವವಳು" ಎಂದೆ. ನನ್ನ ದನಿ ಎತ್ತರವಾಗಿತ್ತು. ನಮ್ಮ ಮನೆಯಲ್ಲಿ ಅಪ್ಪನ ಮುಂದೆ ಅಷ್ಟು ಎತ್ತರದಲ್ಲಿ ಎಂದೂ ಮಾತಾಡಿದವನಲ್ಲ. "ಗೊತ್ತಿರುವವರು ಗೊತ್ತಿಲ್ಲದವರಿಗೆ ಮಾರುವುದಕ್ಕೆ ನೀವು ಏನೆನ್ನುತ್ತೀರಿ?"

ವಾಲ್ಟರ್ ಎದ್ದು ನಿಂತರು. ಆಗ ಎಡ್ನಾ ಬಟಾಣಿಯ ಬಟ್ಟಲನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು: "ವಾಲ್ಟರ್, ನನ್ನನ್ನು ಮದುವೆಯಾಗಿ ಇಲ್ಲಿಗೆ ಕರೆದುಕೊಂಡು ಬಂದೆಯಲ್ಲ, ಆಗಲೂ ನೀನು ಹೇಳಿರಲಿಲ್ಲ. ಮೊದಲ ವರ್ಷ ಪ್ರತಿ ಮಳೆಗೂ ನಾನು ಬಟ್ಟೆಬರೆ ಗಂಟು ಕಟ್ಟಿಟ್ಟು ಕೂತಿರುತ್ತಿದ್ದೆ."

ವಾಲ್ಟರ್ ಹೊರಗೆ ಹೋದರು.

ನಾಲ್ಕು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಯೋಜನೆಯ ಅಧಿಕಾರಿ ಬಂದು, ನಿನ್ನನ್ನು ಬೇರೆ ಮನೆಗೆ ಕಳಿಸುತ್ತೇವೆ, ಅತಿಥಿಯಾದವನು ಮನೆಯವರ ವ್ಯವಹಾರದಲ್ಲಿ ತಲೆ ಹಾಕಬಾರದಿತ್ತು ಎಂದರು. ನಾನು ಪೆಟ್ಟಿಗೆ ಕಟ್ಟುತ್ತಿದ್ದ ದಿನ ರೂತ್ ಫೋನ್ ಮಾಡಿದಳು. ಮನೆ ಬೇಕು. ಆದರೆ ಆ ಜಮೀನು ಏರಿ ಮಂಡಳಿಯ ಒಳಗಿದೆ, ಅದರ ಭಾರ ಕೊಂಡವರ ಮೇಲಿದೆ ಎಂದು ಕ್ರಯಪತ್ರದಲ್ಲಿ ಒಂದು ಸಾಲು ಬರೆಯಬೇಕು. ವಾಲ್ಟರ್ ಫೋನ್ ಇಟ್ಟು, ಅಂಗಳದಲ್ಲಿ ಎರಡು ಸುತ್ತು ತಿರುಗಿ, ಕಾರು ತೆಗೆದುಕೊಂಡು ವಕೀಲರ ಮನೆಗೆ ಹೋದರು.

ಆ ಸಾಲನ್ನು ನಾನು ನೋಡಲಿಲ್ಲ, ಅದನ್ನು ಬರೆಸಿದರೆಂದು ಎಡ್ನಾ ಆಮೇಲೆ ಕಾಗದ ಬರೆದು ತಿಳಿಸಿದರು. ಹೊರಡುವ ಮುಂಚೆ ಶಾಲೆಯ ಹತ್ತಿರ ರೂತ್ ಸಿಕ್ಕಿದ್ದಳು. ಇಷ್ಟೆಲ್ಲ ತಿಳಿದ ಮೇಲೂ ಯಾಕೆ ಕೊಳ್ಳುತ್ತಿದ್ದೀರಿ ಎಂದು ಕೇಳಿದೆ. "ನನಗೆ ಮನೆ ಬೇಕಿತ್ತು. ಓಡಿಹೋಗುವುದಕ್ಕಲ್ಲ ಕೇಳಿದ್ದು, ತಿಳಿದುಕೊಳ್ಳುವುದಕ್ಕೆ. ಒಂದು ದೋಣಿ ತಂದಿಟ್ಟುಕೊಳ್ಳುತ್ತೇನೆ" ಎಂದಳು.

ಬಸ್ಸಿನವರೆಗೆ ಬಿಡಲು ವಾಲ್ಟರೇ ಬಂದರು. ಪೆಟ್ಟಿಗೆ ಇಳಿಸಿಕೊಟ್ಟರು. ಕೈ ಕುಲುಕಲಿಲ್ಲ.

ವಾಡಿ, ಶಹಾಬಾದ್

ಉಳಿದ ತಿಂಗಳುಗಳನ್ನು ಬೇರೆ ಜಿಲ್ಲೆಯಲ್ಲಿ, ಒಣ ಎತ್ತರದ ನೆಲದಲ್ಲಿ ಕಳೆದೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮುಂಬಯಿಯಿಂದ ರೈಲಿನಲ್ಲಿ ಬಂದು ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಮಧ್ಯಾಹ್ನ. ಸುಣ್ಣದ ಧೂಳು, ಕಾದ ಪ್ಲಾಟ್‌ಫಾರ್ಮು. ಚಿತ್ತಾಪುರದ ಗಾಡಿ ಎದುರಿಗೇ ನಿಂತಿತ್ತು. ನಾನು ಅದನ್ನು ಹತ್ತದೆ ಹಿಂದಕ್ಕೆ ಹೋಗುವ ಪ್ಯಾಸೆಂಜರ್ ಹಿಡಿದು ಶಹಾಬಾದಿಗೆ ಹೋದೆ.

ಮನೆ ಬಿದ್ದ ಮೇಲೆ ಗುರುಲಿಂಗಪ್ಪ ಅಲ್ಲಿಯ ಫರಸಿ ಖಣಿಯಲ್ಲಿ ಕೆಲಸಕ್ಕೆ ಸೇರಿದ್ದ. ಖಣಿಯ ಪಕ್ಕದ ಒಂದು ಕೋಣೆಯಲ್ಲಿದ್ದರು. ಅಕ್ಕ ಕುಂಟುತ್ತ ಬಂದು ನೀರು ಕೊಟ್ಟಳು. "ಬಾ ಕುಂದ್ರು. ಸೊರಗಿ ಬಂದಿ. ಅಲ್ಲಿ ಏನ್ ತಿಂತಿದ್ದಿ?"

ರೊಟ್ಟಿ ಹರಿದ ಕಥೆ ಹೇಳಿದೆ, ನಕ್ಕಳು. ಹಡಗಿನ ಕಥೆ ಹೇಳಿದೆ. ರೂತ್‌ಳ ಕಥೆಯನ್ನೂ ಹೇಳಿದೆ. ಅದನ್ನು ಕೇಳುತ್ತ ಕೇಳುತ್ತ ಅವಳ ನಗು ನಿಂತಿತು. ಆಮೇಲೆ ಮುನ್ಷಿಯ ಕಾಗದದ ಮಾತು ತೆಗೆದೆ. ಹೇಳಿ ಮುಗಿಸುವವರೆಗೆ ಅವಳು ಒಲೆಯ ಕಡೆ ನೋಡುತ್ತಿದ್ದಳು.

"ನನಗ ಗೊತ್ತದ" ಎಂದಳು. "ನಾ ಅಲ್ಲೇ ಬಾಜೂಕ ಕುಂತಿದ್ದೆ. ಅಂವ ಕಾಗದ ಹಿಡದಾ, ನೀ ಬ್ಯಾಡ ಅಂದಿ. ನಾ ಅನಕೊಂಡೆ, ನನ್ನ ತಮ್ಮ ಓದಿದಾಂವ, ಬ್ಯಾಡ ಅಂದ ಮ್ಯಾಲ ಅದ್ರಾಗ ಏನೂ ಇರ್ಲಿಕ್ಕಿಲ್ಲ ಅಂತ."

ನಾನು ತಲೆ ತಗ್ಗಿಸಿದೆ.

"ಓದಲಿಲ್ಲ ಅಂತ ನನಗ ಸಿಟ್ಟಿಲ್ಲ. ಇಷ್ಟ ದಿನ ಬಾಯಿ ಬಿಡಲಿಲ್ಲಲ್ಲ, ಅದರ ಸಿಟ್ಟು. ಯಾರೋ ಗುರ್ತಿಲ್ಲದ ಹೆಣ್ಮಗಳಿಗಿ ಹೇಳಿ ಬಂದಿ. ನನಗ ಹೇಳಲಿಲ್ಲ."

ಅಷ್ಟರಲ್ಲಿ ಗುರುಲಿಂಗಪ್ಪ ಕೆಲಸದಿಂದ ಬಂದ. ಮೈಯೆಲ್ಲ ಕಲ್ಲಿನ ಪುಡಿ. ನನ್ನನ್ನು ಕಂಡು ಖುಷಿಯಾಗಿ, ಇನ್ನೂ ಖುಷಿಯ ಸುದ್ದಿ ಹೇಳಿದ. ಕೆರೆಯ ಹೊಲಕ್ಕೆ ಗಿರಾಕಿ ಸಿಕ್ಕಿದ್ದಾರೆ. ಚಿಮ್ಮನಚೋಡದವರು, ಗಂಡ ಹೆಂಡತಿ. ಅಲ್ಲೇ ಮನೆ ಕಟ್ಟುವವರಿದ್ದಾರೆ. ನಾಡಿದ್ದು ರಜಿಸ್ಟ್ರಿ.

"ಮಾವ, ಅವ್ರಿಗೆ ನೀರಿಂದು ಹೇಳೀರೇನು?" ಎಂದು ಕೇಳಿದೆ.

ಅವನ ಮುಖ ಬಿರುಸಾಯಿತು. "ನಮಗ್ಯಾರ್ ಹೇಳಿದ್ರು? ನಾವ್ಯಾಕ ಹೇಳ್ಬೇಕು? ನನ್ನ ಎತ್ತು ಹೋತು, ಮನಿ ಹೋತು, ನಿಮ್ಮಕ್ಕನ ಕಾಲು ಹೋತು. ಯಾರರ ಬಂದು ಕೇಳಿದ್ರೇನು? ಸುಮ್ನ ಸಾಕ್ಷಿ ಹಾಕಿ ಹೋಗು ನೀ. ಅಮೇರಿಕಾದ ಮಾತು ಇಲ್ಲಿ ಬ್ಯಾಡ."

ಅಕ್ಕ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದಳು.

ಮುನ್ಷಿಯ ಚಾಪೆ

ಅದೇ ಕಚೇರಿ, ಅದೇ ಬೇವಿನ ಮರ, ಅದೇ ಚಾಪೆ. ಮುನ್ಷಿ ನನ್ನನ್ನು ನೋಡಿದರೂ ನೋಡದವನ ಹಾಗೆ ಬರೆಯುತ್ತಿದ್ದ. ಚಿಮ್ಮನಚೋಡದ ರೈತ ಹೊಸ ಧೋತರ ಉಟ್ಟಿದ್ದ. ಅವನ ಹೆಂಡತಿ ಅಕ್ಕನ ಪಕ್ಕ ಕುಳಿತು, ಬಾಗಿಲು ಯಾವ ದಿಕ್ಕಿಗೆ ಇಟ್ಟರೆ ಗಾಳಿ ಬರುತ್ತದೆ ಎಂದು ಕೇಳುತ್ತಿದ್ದಳು.

ಬಾಯಿ ಬಿಡಬೇಕೆಂದು ನಾನು ಬಸ್ಸಿನ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಈಗ ಗುರುಲಿಂಗಪ್ಪ ನನ್ನ ರಟ್ಟೆ ಹಿಡಿದು ನಿಂತಿದ್ದ. ಕಲ್ಲು ಒಡೆಯುವ ಕೈ. ಅಕ್ಕನ ಸಂಸಾರ ಇವನ ಕೈಯಲ್ಲಿದೆ, ನಾನು ಮಾತಾಡಿದರೆ ಅದರ ಪೆಟ್ಟು ಅವಳಿಗೆ ಎಂದು ಯೋಚಿಸಿದೆ. ಅಮೇರಿಕೆಯ ಮೇಜಿನಲ್ಲಿ ಎತ್ತರವಾಗಿದ್ದ ದನಿ ಇಲ್ಲಿ ಏಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ರೋಷ ಬರುತ್ತದೆ.

ಮುನ್ಷಿ ಮಸಿಯ ಡಬ್ಬಿ ತೆರೆದು ಅಕ್ಕನ ಮುಂದೆ ಸರಿಸಿದ. "ಹೆಬ್ಬಟ್ಟು ಒತ್ರೆವ್ವ."

ಅಕ್ಕ ಕೈ ಮುಂದೆ ಮಾಡಲಿಲ್ಲ. "ಹಳೀ ಕಾಗದ ತಗೀರಿ" ಎಂದಳು.

"ಯಾತಕ್ಕರಿ? ಎಲ್ಲಾ ಹೊಸಾದ್ರಾಗ—"

"ತಗೀರಿ ಅಂದೆ." ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು: "ತಮ್ಮ, ಓದು. ಜೋರ್ಲೆ ಓದು. ಎಲ್ಲಾರಿಗೂ ಕೇಳ್ಬೇಕು."

ಗುರುಲಿಂಗಪ್ಪನ ಹಿಡಿತ ಬಿಗಿಯಾಯಿತು. ನಾನು ಕೈ ಕೊಸರಿಕೊಂಡೆ. ಮುನ್ಷಿ ದಫ್ತರದಿಂದ ಕಾಗದ ತೆಗೆದುಕೊಟ್ಟ. ಅಂಚು ಜಿರಳೆ ತಿಂದಿತ್ತು. ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. ಮೊದಲು ಉರ್ದುವಿನಲ್ಲೇ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ. ಕೆರೆಯ ಹೊಟ್ಟೆ. ನೀರಿಳಿದರೆ ಬಿತ್ತಬಹುದು. ಮನೆ ಕಟ್ಟುವಂತಿಲ್ಲ. ಓದಲು ಬೇಕಾದದ್ದು ಬೀಡಿ ಹಚ್ಚುವಷ್ಟು ಹೊತ್ತು, ಅಷ್ಟೇ. ಆವತ್ತು ನನ್ನ ಹತ್ತಿರ ಅಷ್ಟು ಹೊತ್ತು ಇರಲಿಲ್ಲ.

ಚಿಮ್ಮನಚೋಡದ ಹೆಂಗಸು ಎದ್ದು ನಿಂತು ಸೆರಗು ಬಿಗಿದುಕೊಂಡಳು. "ಎವ್ವಾ, ನೀ ಹೇಳದಿದ್ರ ನಾವು ದೀಪಾವಳಿಗಿ ಪಾಯಾ ತೋಡತಿದ್ವಿ" ಎಂದಳು. ಅವಳ ಗಂಡ ಗುರುಲಿಂಗಪ್ಪನ ಕಡೆ ಒಮ್ಮೆ ನೋಡಿದ, ಉಗುಳಿದ. ಇಬ್ಬರೂ ಹೋದರು. ಗುರುಲಿಂಗಪ್ಪ ಟವೆಲನ್ನು ಹೆಗಲಿನಿಂದ ಕಿತ್ತು ಝಾಡಿಸಿ, ನಮ್ಮನ್ನು ಅಲ್ಲೇ ಬಿಟ್ಟು ಗೇಟು ದಾಟಿದ.

"ಆತಲ್ಲ?" ಎಂದ ಮುನ್ಷಿ. "ಇನ್ನ ಆ ಹೊಲ ಯಾರೂ ತಗೊಳ್ಳಂಗಿಲ್ಲ."

"ತಗೊಳ್ಳವ್ರು ತಿಳಕೊಂಡು ತಗೊಳ್ಳಲಿ" ಎಂದಳು ಅಕ್ಕ. "ಈಗ ನನ್ನ ಕಾಗದದಾಗ ಅದನ್ನ ಕನ್ನಡದಾಗ ಬರೀರಿ."

"ಅದನ್ನ ಬರ್ಯಾಕ ಖಾನೆ ಇಲ್ರೆವ್ವ."

"ಖಾನೆ ಇಲ್ಲಂದ್ರ ಅಂಚಿಗಿ ಬರೀರಿ. ಬರಿಯೂತನಕ ನಾ ಏಳಂಗಿಲ್ಲ."

ಅವನು ಬೇರೆಯವರ ಕೆಲಸ ಮಾಡಿದ, ಚಹಾ ಕುಡಿದ, ಊಟಕ್ಕೆ ಹೋಗಿ ಬಂದ. ಅಕ್ಕ ಕದಲಲಿಲ್ಲ. ಕೊನೆಗೆ ಸೊಟ್ಟ ಮುಖ ಮಾಡಿಕೊಂಡು ಅವಳ ಕ್ರಯಪತ್ರದ ಅಂಚಿನಲ್ಲಿ ಬರೆದ: ಇದು ಕೆರೆಯ ಹೊಟ್ಟೆಯ ಜಮೀನು, ನೀರು ಬರುತ್ತದೆ. ಸರ್ಕಾರ ಒಪ್ಪುವ ಬರಹ ಅದಲ್ಲ ಎಂದು ನನಗೆ ಗೊತ್ತಿತ್ತು. ಆ ಅಂಚಿನ ಸಾಲು ದಫ್ತರಕ್ಕೆ ಹತ್ತಬೇಕೆಂದು ನಾನು ಎರಡು ವರ್ಷ ಅರ್ಜಿ ಹಿಡಿದು ತಿರುಗಿದೆ. ಒಬ್ಬ ಅಧಿಕಾರಿ ನನ್ನನ್ನು ಹುಚ್ಚನೆಂದ. ಇನ್ನೊಬ್ಬ ಬಂದು ಬರೆಸಿದ. ಆ ಹೊಲ ಇಂದಿಗೂ ಅಕ್ಕನ ಹೆಸರಿನಲ್ಲಿದೆ, ನೀರಿಳಿದ ವರ್ಷ ಅಲ್ಲಿ ಕಡಲೆ ಬೆಳೆಯುತ್ತದೆ.

ಆ ದಿನ ಕಚೇರಿಯಿಂದ ಹೊರಗೆ ಬಂದಾಗ ಗುರುಲಿಂಗಪ್ಪ ಎಲ್ಲಿಯೂ ಕಾಣಲಿಲ್ಲ. ನಾನು ಮುನ್ಷಿಗೆ ಬಾಯಿಗೆ ಬಂದಂತೆ ಬೈಯಲು ಶುರುಮಾಡಿದೆ. ಅಕ್ಕ ಬೇವಿನ ಬುಡದಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ಸಾಕು ಮಾಡು" ಎಂದಳು. "ನಿನ್ನ ಸಿಟ್ಟು ಮುನ್ಷಿ ಮ್ಯಾಲ. ನನ್ನ ಸಿಟ್ಟು ನಿನ್ನ ಮ್ಯಾಲ. ಅದು ಇವತ್ತಿಗಿ ಹೋಗಂಗಿಲ್ಲ, ಭಾಳ ದಿನಾ ಹಿಡೀತದ. ನಡಿ, ಹಸಿವಾಗ್ಯದ."